ಲೋಡ್ ಆಗುವ ಕ್ಷಣದಲ್ಲಿ ಟೈಪ್ ತಪಾಸಣೆ: ಟೈಪ್‌ಸ್ಕ್ರಿಪ್ಟ್ ಕುರಿತು ಒಂದು ವಿಚಾರ

ಪ್ರೋಗ್ರಾಂ ಓಡುತ್ತಿರುವಾಗಲೇ ಹೊಸ ಟೈಪ್‌ಸ್ಕ್ರಿಪ್ಟ್ ಕಡತವೊಂದನ್ನು ಲೋಡ್ ಮಾಡಿ ಕಂಪೈಲ್ ಮಾಡುವಾಗ ಅದರ ಟೈಪುಗಳನ್ನೂ ಪರೀಕ್ಷಿಸಬೇಕೇ? ಟೈಪ್‌ಸ್ಕ್ರಿಪ್ಟ್ ಓಡಿಸುವ ಉಪಕರಣಗಳ ಉತ್ತರ ಕಾಲಕ್ರಮದಲ್ಲಿ ಬದಲಾಗಿದೆ. 2020ರಲ್ಲಿ ಬಂದ ಡೀನೋ 1.0 ಪರೀಕ್ಷಿಸಿಯೇ ಓಡಿಸುತ್ತಿತ್ತು, 2022ರ 1.22ನೇ ಆವೃತ್ತಿಯಿಂದ, ಕೇಳಿದರೆ ಮಾತ್ರ ಪರೀಕ್ಷಿಸುತ್ತದೆ. 2024ರಲ್ಲಿ ನೋಡ್ 22.6 ಪ್ರಾಯೋಗಿಕವಾಗಿ ಟೈಪ್‌ಸ್ಕ್ರಿಪ್ಟನ್ನು ಓಡಿಸಲಾರಂಭಿಸಿದಾಗ ತಪಾಸಣೆಯ ಗೊಡವೆಗೇ ಹೋಗಲಿಲ್ಲ: ಟೈಪ್ ಸೂಚನೆಗಳನ್ನು ಅಳಿಸಿ ಆ ಜಾಗದಲ್ಲಿ ಖಾಲಿ ಅಕ್ಷರಗಳನ್ನು ತುಂಬುತ್ತದೆ, ಅಷ್ಟೆ. ಸಾಲು, ಕಾಲಂ ಸಂಖ್ಯೆಗಳು ಕದಲದ ಕಾರಣ ದೋಷಸೂಚನೆ ಮೂಲ ಕಡತದ ಸರಿಯಾದ ಜಾಗವನ್ನೇ ತೋರಿಸುತ್ತದೆ. ಇದನ್ನು ವೇಗಕ್ಕಾಗಿ ಮಾಡಿಕೊಂಡ ರಾಜಿ ಎನ್ನುವವರಿದ್ದಾರೆ. ಭಾಷೆಯ ಸ್ವಭಾವಕ್ಕೆ ತಕ್ಕ ನಡೆ ಇದೇ ಎಂಬುದು ನನ್ನ ವಾದ.

ಹೀಗೆ ಲೋಡ್ ಆಗುವ ಕಡತ ಒಂದು ಪ್ಲಗಿನ್ ಎನ್ನಿ. ಅದರ ಹಾದಿ ಪ್ರೋಗ್ರಾಂ ಓಡುವಾಗಲಷ್ಟೇ ಗೊತ್ತಾಗುವುದಾದರೆ, ಅದನ್ನು ತರುವ ಇಂಪೋರ್ಟ್ ಕರೆಯ ಫಲಕ್ಕೆ ಕಂಪೈಲರ್ ಕೊಡುವ ಟೈಪು ‘ಎನಿ’, ಅಂದರೆ ಏನು ಬೇಕಾದರೂ ಆಗಬಹುದು. ಆ ಫಲ ಇಂಥದ್ದೇ ಇಂಟರ್‌ಫೇಸ್ ಎಂದು ಪ್ಲಗಿನನ್ನು ಲೋಡ್ ಮಾಡುವ ಆತಿಥೇಯ ಕೋಡಿನಲ್ಲಿ ಬರೆದರೂ ಅದು ಬರೆದವರ ಭರವಸೆ ಮಾತ್ರ. ಪ್ಲಗಿನ್ ಕಡತ ತನ್ನೊಳಗೆ ನಿರ್ದೋಷವಾಗಿರಬಹುದು, ಆದರೆ ಇಂಟರ್‌ಫೇಸಿನ ಹಳೆಯ ಆವೃತ್ತಿಗೆ ಹೊಂದುವಂತೆ ಬರೆದದ್ದಾಗಿರಬಹುದು. ಆತಿಥೇಯ ಈಗಾಗಲೇ ಕಂಪೈಲ್ ಆಗಿ ಓಡುತ್ತಿದೆ. ಅದರ ಟೈಪುಗಳು ಆಗಲೇ ಅಳಿದಿವೆ. ಹಾಗಾಗಿ ಲೋಡ್ ಹೊತ್ತಿನ ತಪಾಸಣೆ ಎಷ್ಟೇ ಕಟ್ಟುನಿಟ್ಟಾದರೂ ಅದು ಹೋಲಿಸುವುದು ಡಿಸ್ಕಿನಲ್ಲಿರುವ ಘೋಷಣೆಗಳ ಜೊತೆಗೆ, ಓಡುತ್ತಿರುವ ಪ್ರೋಗ್ರಾಂ ಜೊತೆಗಲ್ಲ.

ಜಾವಾ ಲೋಡ್ ಹೊತ್ತಿನಲ್ಲೇ ಪರೀಕ್ಷಿಸುವುದಿಲ್ಲವೇ ಎಂದು ಕೇಳಬಹುದು. ಹೌದು, ಹೊಸ ಕ್ಲಾಸನ್ನು ಬಳಕೆಗೆ ತರುವ ಮೊದಲು ಜಾವಾ ವರ್ಚುವಲ್ ಮಷೀನ್ ಅದರ ಬೈಟ್‌ಕೋಡನ್ನು ಪರಿಶೀಲಿಸುತ್ತದೆ. ಸಿ ಶಾರ್ಪ್‌ನಲ್ಲೂ ಟೈಪಿನ ವಿವರ ಅಸೆಂಬ್ಲಿಯೊಳಗೇ ಇರುತ್ತದೆ. ಅಲ್ಲಿ ಹೋಲಿಸಲು ಎರಡೂ ಕಡೆ ಟೈಪು ಉಳಿದಿದೆ. ಟೈಪ್‌ಸ್ಕ್ರಿಪ್ಟಿನಲ್ಲಿ ಉಳಿದಿಲ್ಲ, ಮೇಲಾಗಿ ಸಂಪೂರ್ಣ ದೋಷಮುಕ್ತ ಟೈಪ್ ವ್ಯವಸ್ಥೆ ತಮ್ಮ ಗುರಿಯಲ್ಲ ಎಂದು ಅದರ ವಿನ್ಯಾಸಕರೇ ಬರೆದಿಟ್ಟಿದ್ದಾರೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಈನಮ್‌ನಂಥ ರಚನೆ ಕೋಡನ್ನೇ ಹುಟ್ಟಿಸುತ್ತದೆ, ಅದನ್ನು ಅಳಿಸಲಾಗದು. ನಿಜ, ಅಳಿಸುವಿಕೆಯಷ್ಟೇ ಮಾಡುವ ನೋಡ್ ಅಂಥ ಕಡತವನ್ನು ನಿರಾಕರಿಸುತ್ತದೆ. 2025ರ ಟೈಪ್‌ಸ್ಕ್ರಿಪ್ಟ್ 5.8 ಇಂಥ ರಚನೆಗಳನ್ನು ಮೊದಲೇ ತಡೆಯುವ ಆಯ್ಕೆಯೊಂದನ್ನು ಸೇರಿಸಿತು. ಈ ನಷ್ಟವನ್ನು ಒಪ್ಪಿಕೊಳ್ಳಬಹುದೆಂದು ನನ್ನ ಎಣಿಕೆ.

ಹಾಗಾದರೆ ಆತಿಥೇಯ ಮತ್ತು ಪ್ಲಗಿನ್ ನಡುವಿನ ಕರಾರನ್ನು ಕಾಯುವವರು ಯಾರು? ಟೈಪ್ ತಪಾಸಣೆ ಎಡಿಟರಿನಲ್ಲೂ ಬಿಡುಗಡೆಗೆ ಮುಂಚಿನ ಹಂತದಲ್ಲೂ ನಡೆಯಲಿ. ಲೋಡರ್ ಪರೀಕ್ಷಿಸಬೇಕಾದದ್ದು ಕೈಗೆ ಬಂದ ಮೌಲ್ಯವನ್ನು: ಬೇಕಾದ ಫಂಕ್ಷನ್ ಇದೆಯೇ, ಆವೃತ್ತಿ ಸಂಖ್ಯೆ ಹೊಂದುತ್ತದೆಯೇ. ಫಂಕ್ಷನ್ ಯಾವ ಆರ್ಗ್ಯುಮೆಂಟ್ ಬಯಸುತ್ತದೆಂಬುದು ಹೊರಗಿನಿಂದ ಕಾಣದು, ಆದ್ದರಿಂದ ಅದು ಹಿಂದಿರುಗಿಸಿದ್ದನ್ನು ಪ್ರತಿ ಕರೆಯಲ್ಲೂ ನೋಡಬೇಕು. ದುರುದ್ದೇಶದ ಕೋಡಿಗೆ ಇದಾವುದೂ ತಡೆಯಲ್ಲ. ಪೂರ್ಣ ಟೈಪ್ ತಪಾಸಣೆಯೂ ತಡೆಯಾಗುತ್ತಿರಲಿಲ್ಲ. ಇನ್ನು ಮರುಲೋಡಿನ ಮಾತು: ಪ್ಲಗಿನ್ ಕಡತ ಬದಲಾದಾಗ ವಿಳಾಸಕ್ಕೆ ಹೊಸ ಕ್ವೆರಿ ಅಂಟಿಸಿ ಮತ್ತೆ ಲೋಡ್ ಮಾಡುವ ರೂಢಿಯಿದೆ, ಆದರೆ ನೋಡ್‌ನ ಮಾಡ್ಯೂಲ್ ಸಂಗ್ರಹದಲ್ಲಿ ಹಳೆಯ ಪ್ರತಿ ಹಾಗೆಯೇ ಉಳಿಯುತ್ತದೆ. ತಿಂಗಳುಗಟ್ಟಲೆ ಓಡುವ ಸರ್ವರಿನಲ್ಲಿ ಪ್ಲಗಿನ್‌ಗೆ ಪ್ರತ್ಯೇಕ ಪ್ರೊಸೆಸ್ ಕೊಟ್ಟು, ಬೇಡವಾದಾಗ ಅದನ್ನೇ ಮುಚ್ಚುವುದು ಮೇಲು.