ಚಿತ್ರದುರ್ಗ ಪರಿಸರದ ಪ್ರಾಚೀನರ ಆಹಾರ: ಸಮಸ್ಥಾನಿ ವಿಧಾನದ ಸಾಧ್ಯತೆ ಮತ್ತು ಮಿತಿ

ಚಿತ್ರದುರ್ಗ ಜಿಲ್ಲೆಯ ಪ್ರಾಗಿತಿಹಾಸವನ್ನು ಕುರಿತ ತಿಳಿವಳಿಕೆ ಬಹುಮಟ್ಟಿಗೆ ಎರಡು ನೆಲೆಗಳ ಉತ್ಖನನವನ್ನು ಅವಲಂಬಿಸಿದೆ. ಒಂದು ಚಿತ್ರದುರ್ಗದ ಚಂದ್ರವಳ್ಳಿ, ಇನ್ನೊಂದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. 1929ರಲ್ಲಿ ಚಂದ್ರವಳ್ಳಿಯಲ್ಲಿಯೂ ಬಳಿಕ ಬ್ರಹ್ಮಗಿರಿಯಲ್ಲಿಯೂ ಡಾ. ಎಂ.ಎಚ್. ಕೃಷ್ಣ ಅವರು ನಡೆಸಿದ ಶೋಧವನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಮುಂದುವರಿಸಿದರು. ವೀಲರರು ಮಡಕೆ, ನಾಣ್ಯ ಹಾಗೂ ಸ್ತರಗಳ ಆಧಾರದಿಂದ ಸಂಸ್ಕೃತಿಗಳ ಅನುಕ್ರಮವನ್ನು ನಿರ್ಧರಿಸಿದರು. ಆದರೆ ಈ ಜನರು ಏನನ್ನು ಉಂಡು ಬದುಕಿದರು ಎಂಬ ಪ್ರಶ್ನೆಗೆ ಮಡಕೆಯ ಚೂರುಗಳಿಂದ ಪೂರ್ಣ ಉತ್ತರ ದೊರೆಯದು.

ಉಂಡ ಆಹಾರದ ಗುರುತು ದೇಹದಲ್ಲಿಯೇ ಉಳಿಯುತ್ತದೆ. ಇಂಗಾಲ ಹಾಗೂ ಸಾರಜನಕಗಳ ಸ್ಥಿರ ಸಮಸ್ಥಾನಿಗಳ, ಅಂದರೆ ಐಸೋಟೋಪುಗಳ, ಪ್ರಮಾಣವನ್ನು ಅಳೆದು ಅದನ್ನು ಓದುವ ವಿಧಾನವು 1970ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಕಡಲಿನ ಶೀರ್ಷಪಾದಿಗಳ, ಎಂದರೆ ಕರಾವಳಿಯವರು ಬೊಂಡಾಸ್ ಎನ್ನುವ ಜೀವಿಗಳ ಅಧ್ಯಯನ ಇದಕ್ಕೆ ಉತ್ತಮ ನಿದರ್ಶನ. ತಿಮಿಂಗಿಲದ ಹೊಟ್ಟೆಯಲ್ಲಿ ಅವುಗಳ ಮೃದುದೇಹ ಕರಗಿದರೂ ಕೊಕ್ಕು ಉಳಿಯುತ್ತದೆ. ಆ ಕೊಕ್ಕಿನಿಂದಲೇ ಅವುಗಳ ಆಹಾರಕ್ರಮವನ್ನು ತಿಳಿಯಬಹುದೆಂದು 2005ರಲ್ಲಿ ಶೆರೆಲ್ ಮತ್ತು ಹಾಬ್ಸನ್ ತೋರಿಸಿದರು. ಬೊಂಡಾಸಿಗೆ ಕೊಕ್ಕು ಹೇಗೋ ಸಮಾಧಿಯ ಮನುಷ್ಯನಿಗೆ ಹಲ್ಲು ಹಾಗೆ.

ಬಯಲುಸೀಮೆಗೆ ಈ ವಿಧಾನವನ್ನು ಅನ್ವಯಿಸುವಾಗ ಎಚ್ಚರ ಅಗತ್ಯ. ಕೊರಲೆ, ನವಣೆ, ಜೋಳ, ರಾಗಿಗಳು ದ್ಯುತಿಸಂಶ್ಲೇಷಣೆಯ ಒಂದು ಬಗೆಗೆ ಸೇರಿದರೆ ಹುರುಳಿ, ಹೆಸರು, ಭತ್ತಗಳು ಇನ್ನೊಂದಕ್ಕೆ ಸೇರುತ್ತವೆ. ಮೊದಲನೆಯವುಗಳ ಇಂಗಾಲದ ಮೌಲ್ಯ ಸಾವಿರಕ್ಕೆ ಸುಮಾರು -12, ಎರಡನೆಯವುಗಳದು ಸುಮಾರು -26. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟ ಕೊರಲೆ, ಹುರುಳಿ, ಹೆಸರಿನ ಕಾಳುಗಳು ದೊರೆತಿವೆ. ಆದರೆ ಇಲ್ಲಿಯ ಹುಲ್ಲುಗಾವಲಿನ ಹುಲ್ಲೂ ಬಹುಪಾಲು ಕೊರಲೆಯ ಬಗೆಯದೇ. ಆದುದರಿಂದ ಕೊರಲೆ ಉಂಡವನನ್ನೂ, ಆ ಹುಲ್ಲು ಮೇಯ್ದ ದನದ ಹಾಲು, ಮಾಂಸಗಳನ್ನು ಉಂಡವನನ್ನೂ ಇಂಗಾಲವೊಂದೇ ಬೇರ್ಪಡಿಸಲಾರದು. ಬೇಸಾಯಗಾರನೋ ದನಗಾಹಿಯೋ ಎಂಬ ಚರ್ಚೆಯ ಮರ್ಮ ಇರುವುದೇ ಇಲ್ಲಿ.

ಆಹಾರ ಸರಪಳಿಯ ಪ್ರತಿ ಹಂತದಲ್ಲಿ ಸಾವಿರಕ್ಕೆ 3ರಿಂದ 4ರಷ್ಟು ಏರುವ ಸಾರಜನಕವು ಇದಕ್ಕೆ ನೆರವಾಗಬಲ್ಲದು. ಆದರೆ ಮಳೆ ಕಡಿಮೆಯಾದಂತೆ ಅದರ ಮೌಲ್ಯವು ತಾನಾಗಿಯೂ ಏರುತ್ತದೆ. ಹಿರಿಯೂರಿನ ಒಣಬಯಲಿಗೂ ಹೊಳಲ್ಕೆರೆ, ಹೊಸದುರ್ಗಗಳ ಭೂಮಿಗೂ ಒಂದೇ ಅಳತೆಗೋಲು ಸಲ್ಲದು. ಅದೇ ನೆಲೆಯ, ಅದೇ ಸ್ತರದ ಕುರಿ, ದನಗಳ ಮೂಳೆಯೊಡನೆ ಹೋಲಿಸಬೇಕು. ಸಾರಜನಕಕ್ಕೆ ಆಧಾರವಾದ ಮೂಳೆಯ ಕೊಲಾಜೆನ್ ಉಷ್ಣಪ್ರದೇಶದಲ್ಲಿ ಬೇಗ ನಶಿಸುತ್ತದೆ. ಹಲ್ಲಿನ ಎನಾಮೆಲ್ ಬಾಳಿಕೆ ಬರುವುದಾದರೂ ಅದು ಇಂಗಾಲವನ್ನು ಕುರಿತು, ಅದರಲ್ಲಿಯೂ ಬಾಲ್ಯದ ಆಹಾರವನ್ನು ಕುರಿತು ಮಾತ್ರ ಸಾಕ್ಷ್ಯ ನುಡಿಯುತ್ತದೆ.

ಈ ಮಿತಿಗಳಿಂದ ವಿಧಾನದ ಮಹತ್ತ್ವ ಕುಂದುವುದಿಲ್ಲ. ಸಂರಕ್ಷಣೆಯ ಹೊಣೆ ಹೆಚ್ಚುತ್ತದೆ. ಉಳುಮೆ, ಕಲ್ಲುಗಣಿಗಾರಿಕೆಗಳಿಂದ ಒಂದು ಬೃಹತ್ ಶಿಲಾ ಸಮಾಧಿ ಅಳಿದರೆ ಅದರೊಡನೆ ಒಂದು ಊಟದ ಚರಿತ್ರೆಯೂ ಅಳಿಯುತ್ತದೆ. ದೊರೆತ ಹಲ್ಲು, ಮೂಳೆಗಳಿಗೆ ಅಂಟು, ವಾರ್ನಿಷು ಬಳಿಯದೆ, ಸ್ತರವನ್ನು ನಮೂದಿಸಿ, ಪ್ರಾಣಿಗಳ ಮೂಳೆಗಳೊಡನೆ ಕಾಯ್ದಿರಿಸುವುದು ಮುಂದಿನ ಉತ್ಖನನಕಾರರ ಮೊದಲ ಕರ್ತವ್ಯವಾಗಬೇಕು.