ಮನೆಪಾಠದ ಅಂಕಗಣಿತ: ಸೂತ್ರ ಮೊದಲೋ, ಅರ್ಥ ಮೊದಲೋ?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸುವುದು 1993ರ ವೇಳೆಗೆ ಐವತ್ತು ಸಂಸ್ಥಾನಗಳಲ್ಲಿಯೂ ಕಾಯಿದೆಗೆ ಸಮ್ಮತವಾಯಿತು. ಹೀಗೆ ಕಲಿಸುವ ತಾಯಿತಂದೆಗಳನ್ನು ಕಾಡುವ ಪ್ರಶ್ನೆಗಳಲ್ಲೊಂದು ಗಣಿತದ ಪಠ್ಯಕ್ರಮದ ಆಯ್ಕೆ. ಪ್ರಶ್ನೆ ಹೊಸದೆಂದು ತೋರಿದರೂ ಅದರ ಬೇರು ಹಳೆಯದೆಂಬುದನ್ನು ಇಲ್ಲಿ ತೋರಿಸಲೆಳಸುತ್ತೇವೆ.

1788ರಲ್ಲಿ ಪ್ರಕಟವಾದ ನಿಕೊಲಾಸ್ ಪೈಕನ ಅಂಕಗಣಿತದಲ್ಲಿ ಮೊದಲು ಸೂತ್ರ, ಅನಂತರ ಉದಾಹರಣೆ. ಸೂತ್ರವನ್ನು ಕಂಠಸ್ಥ ಮಾಡಿದ ಬಾಲಕನು ಲೆಕ್ಕವನ್ನು ತಾನೇ ಮಾಡಿ ಮುಗಿಸಬಲ್ಲನು. ಕಾರಣವನ್ನು ಮಾತ್ರ ಹೇಳಲಾರನು. 1821ರಲ್ಲಿ ವಾರೆನ್ ಕೋಲ್ಬರ್ನನು ಸ್ವಿಟ್ಜರ್ಲೆಂಡಿನ ಪೆಸ್ಟಲೋಟ್ಸಿಯ ತತ್ತ್ವವನ್ನು ಅನುಸರಿಸಿ ಈ ಕ್ರಮವನ್ನು ಹಿಂದುಮುಂದಾಗಿಸಿದನು. ಆತನ ಪುಸ್ತಕವು ಮಗುವಿನ ಎರಡು ಕೈಗಳ ಹೆಬ್ಬೆರಳುಗಳನ್ನು ಎಣಿಸುವ ಪ್ರಶ್ನೆಯಿಂದ ಆರಂಭವಾಗುತ್ತದೆ; ಬಾಯಿಲೆಕ್ಕವೇ ಅದರ ಜೀವಾಳ. 1982ರಲ್ಲಿ ಸಿಂಗಪುರದಲ್ಲಿ ಹೊರಬಂದು, ತರುವಾಯ ಅಮೆರಿಕದ ಮನೆಗಳನ್ನೂ ಸೇರಿದ ಪ್ರಾಥಮಿಕ ಗಣಿತಮಾಲೆಯಲ್ಲಿ ವಸ್ತು, ಚಿತ್ರ, ಚಿಹ್ನೆ ಎಂಬ ಏರುಕ್ರಮವಿದೆ; ಇದು ಕೋಲ್ಬರ್ನನ ಮಾರ್ಗಕ್ಕೇ ಸಮೀಪವಾದುದು.

ಅರ್ಥವನ್ನು ಮುಂದಿಡುವ ಈ ಮಾರ್ಗವೇ ಮೇಲೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅದಕ್ಕೊಂದು ಬೆಲೆಯುಂಟು. ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುವ ಹಿರಿಯರೊಬ್ಬರು ನಿತ್ಯವೂ ಮಗುವಿನ ಬಳಿ ಕುಳಿತಿರಬೇಕು. ಶಾಲೆಯಲ್ಲಿ ಪುಸ್ತಕದ ಕೊರತೆಯನ್ನು ಉಪಾಧ್ಯಾಯರು ತುಂಬಬಲ್ಲರು. ಮನೆಯಲ್ಲಿ ತಾಯಿತಂದೆಗಳೇ ಉಪಾಧ್ಯಾಯರು. ಅವರಿಗೆ ಬಿಡುವಿಲ್ಲದಿದ್ದರೆ ಉತ್ತಮ ಪುಸ್ತಕವೂ ಮೂಕವಾಗಿ ಉಳಿಯುತ್ತದೆ. ಆದುದರಿಂದ ಪುಸ್ತಕದ ಕೀರ್ತಿಯನ್ನು ವಿಚಾರಿಸುವ ಮುನ್ನ, ತಾವು ದಿನಕ್ಕೆ ಎಷ್ಟು ಹೊತ್ತು ಕೊಡಬಲ್ಲೆವೆಂಬುದನ್ನು ಅವರು ಅಳೆದುಕೊಳ್ಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.