ನೆನಪಿಗೆ ನೆತ್ತರಿನ ಸಾಕ್ಷಿ

1870ರ ದಶಕದ ಕೊನೆಯ ಮಾತು. ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊಸ್ಸೊ ಎಂಬ ಶರೀರಕ್ರಿಯಾ ವಿಜ್ಞಾನಿಯ ಬಳಿಗೆ ಬರ್ಟಿನೊ ಎಂಬ ರೈತನೊಬ್ಬ ಬಂದ. ಮೇಲಿನಿಂದ ಬಿದ್ದ ಇಟ್ಟಿಗೆ ಆತನ ತಲೆಬುರುಡೆಯನ್ನು ಒಡೆದಿತ್ತು. ಗಾಯವೇನೋ ಮಾಯುತ್ತಾ ಬಂದಿತ್ತು. ಆದರೆ ಮೂಳೆ ಹೋದ ಜಾಗದಲ್ಲಿ ಮಿದುಳು ಮಿಡಿಯುವುದು ಹೊರಗಿನಿಂದಲೇ ತಿಳಿಯುತ್ತಿತ್ತು. ಎಳೆಗೂಸಿನ ನೆತ್ತಿ ಮಿಡಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊಸ್ಸೊ ಆ ಮಿಡಿತವನ್ನು ತಿರುಗುವ ಉರುಳೆಯ ಮೇಲೆ ಗೆರೆಯಾಗಿ ಬರೆಯುವ ಸಾಧನವೊಂದನ್ನು ಜೋಡಿಸಿದ. ಮಧ್ಯಾಹ್ನ ಚರ್ಚಿನ ಗಂಟೆ ಬಾರಿಸಿತು. ಗೆರೆ ತಟ್ಟನೆ ಮೇಲೇರಿತು. ಗಂಟೆ ಕೇಳಿದೊಡನೆ ಮಾತೆ ಮರಿಯಳ ಪ್ರಾರ್ಥನೆ ಹೇಳಬೇಕಿತ್ತೆಂದು ನಿನಗೆ ಅನಿಸಿತೇ ಎಂದು ಮೊಸ್ಸೊ ಕೇಳಿದ. ಆ ಪ್ರಶ್ನೆಗೂ ಗೆರೆ ಮತ್ತೊಮ್ಮೆ ಏರಿತು. ಇನ್ನೊಂದು ಸಲ 8ನ್ನು 12ರಿಂದ ಗುಣಿಸು ಎಂದಾಗಲೂ ಹಾಗೇ ಆಯಿತು. ಗಮನಿಸಬೇಕಾದ ಸಂಗತಿ ಎಂದರೆ, ತೋಳಿನಲ್ಲಿ ಅಂಥ ಏರಿಕೆ ಕಾಣಲಿಲ್ಲ. ಎದೆಬಡಿತ ಜೋರಾಗಿ ಮೈಯೆಲ್ಲ ರಕ್ತ ಉಕ್ಕಿದ್ದರೆ ತೋಳಿನಲ್ಲೂ ಅದು ಕಾಣಬೇಕಿತ್ತು. ಅಂದರೆ ಮಿದುಳು ತನಗಾಗಿಯೇ ರಕ್ತವನ್ನು ಕರೆಸಿಕೊಂಡಿತ್ತು.

ಇಂದು ದೊಡ್ಡ ಆಸ್ಪತ್ರೆಗಳಲ್ಲಿ, ಸಂಶೋಧನಾಲಯಗಳಲ್ಲಿ ಕೆಲಸ ಮಾಡುವ ಮಿದುಳಿನ ಚಿತ್ರ ತೆಗೆಯುತ್ತಾರಲ್ಲ, ಅದರ ಮೂಲ ತತ್ವವೆಲ್ಲ ಈ ರೈತನ ನೆತ್ತಿಯಲ್ಲೇ ಇದೆ. ಪತ್ರಿಕೆಗಳಲ್ಲಿ 'ನೆನಪು ಇಲ್ಲಿದೆ' ಎಂಬ ಅಡಿಬರಹದೊಂದಿಗೆ ಕೆಂಪು ಹಳದಿ ಮಚ್ಚೆಗಳ ಚಿತ್ರ ಬರುತ್ತದೆ. ಆ ಮಚ್ಚೆ ನೆನಪಿನದಲ್ಲ, ರಕ್ತದ್ದು. ಇವೆರಡರ ನಡುವೆ ಇರುವ ಅಂತರವನ್ನು ಅಳೆಯುವುದರಲ್ಲೇ ವಿಜ್ಞಾನಿಗಳು ನೂರೈವತ್ತು ವರ್ಷ ಕಳೆದಿದ್ದಾರೆ.

ಮೊಸ್ಸೊ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬುರುಡೆ ಒಡೆಯದ ಮನುಷ್ಯರ ಮೇಲೂ ಪರೀಕ್ಷೆ ನಡೆಸಬೇಕಲ್ಲ? ಅದಕ್ಕಾಗಿ 1880ರ ದಶಕದಲ್ಲಿ ಆತ ದೊಡ್ಡದೊಂದು ತಕ್ಕಡಿಯನ್ನೇ ಮಾಡಿಸಿದ. ಮನುಷ್ಯನನ್ನು ಮರದ ಹಲಗೆಯ ಮೇಲೆ ಅಂಗಾತ ಮಲಗಿಸಿ, ತಲೆಯ ಕಡೆ ಕಾಲಿನ ಕಡೆ ಸರಿತೂಕ ಬರುವಂತೆ ಮಾಡಿ, ಯೋಚನೆಗೆ ಹಚ್ಚುವುದು. ತಲೆಯ ಕಡೆ ಹಲಗೆ ಬಾಗಿತೆಂದರೆ ಅತ್ತ ರಕ್ತ ಹರಿಯಿತೆಂದು ಲೆಕ್ಕ. ಕೇಳಿದರೆ ನಗು ಬರುವ ಯಂತ್ರ ನಿಜ. ಆದರೆ 2014ರಲ್ಲಿ ಇಂಗ್ಲೆಂಡಿನ ಇಬ್ಬರು ಮನಶ್ಶಾಸ್ತ್ರಜ್ಞರು ಇಂದಿನ ಸೂಕ್ಷ್ಮ ಸಾಧನಗಳೊಂದಿಗೆ ಅದೇ ತಕ್ಕಡಿಯನ್ನು ಮತ್ತೆ ಕಟ್ಟಿ ನೋಡಿದರು. ಸಂಗೀತ ಕೇಳಿಸಿ ಚಿತ್ರ ತೋರಿಸಿದಾಗ ತಲೆಯ ಕಡೆಯ ಭಾರ ಅತ್ಯಲ್ಪವಾಗಿಯಾದರೂ ಹೆಚ್ಚಿತು. ಅಂತೂ ಮೊಸ್ಸೊ ಕಂಡದ್ದು ಬರೀ ಭ್ರಮೆಯೇನೂ ಆಗಿರಲಿಕ್ಕಿಲ್ಲ.

1890ರಲ್ಲಿ ಕೇಂಬ್ರಿಜ್‌ನ ಚಾರ್ಲ್ಸ್ ರಾಯ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ ಈ ವಿಚಾರಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಮಿದುಳಿನ ಯಾವ ಭಾಗ ಕೆಲಸಕ್ಕಿಳಿಯುತ್ತದೋ ಆ ಭಾಗವೇ ರಾಸಾಯನಿಕಗಳ ಮೂಲಕ ತನ್ನ ಸುತ್ತಲ ರಕ್ತನಾಳಗಳನ್ನು ಹಿಗ್ಗಿಸಿಕೊಳ್ಳುತ್ತದೆ ಎಂದು ಅವರು ವಾದಿಸಿದರು. ನಮ್ಮ ಕೆರೆ ಬಯಲಿನ ವ್ಯವಸ್ಥೆಗೆ ಇದನ್ನು ಹೋಲಿಸಬಹುದು. ಯಾವ ಗದ್ದೆ ಒಣಗುತ್ತಿದೆಯೋ ನೋಡಿ ನೀರುಗಂಟಿ ಆ ಕಡೆಗೆ ನೀರು ತಿರುಗಿಸುತ್ತಾನೆ. ಮಿದುಳಿನಲ್ಲಿ ಗದ್ದೆಯೇ ನೀರುಗಂಟಿ, ಅಷ್ಟೇ ವ್ಯತ್ಯಾಸ.

ಇಷ್ಟು ಒಳ್ಳೆಯ ಆರಂಭ ಸಿಕ್ಕಮೇಲೆ ಕೆಲಸ ಭರದಿಂದ ಸಾಗಬೇಕಿತ್ತು. ಹಾಗಾಗಲಿಲ್ಲ. ಲಂಡನ್ನಿನ ಲೆನಾರ್ಡ್ ಹಿಲ್ 1896ರಲ್ಲಿ ಪುಸ್ತಕ ಬರೆದು, ಮಿದುಳಿನ ರಕ್ತಸಂಚಾರ ಕೇವಲ ದೇಹದ ರಕ್ತದೊತ್ತಡವನ್ನು ಅನುಸರಿಸುತ್ತದೆ, ಮಿದುಳಿನ ಚಟುವಟಿಕೆಗೂ ಅದಕ್ಕೂ ಸಂಬಂಧವಿಲ್ಲ ಎಂದುಬಿಟ್ಟ. ಹಿಲ್ ದೊಡ್ಡ ಹೆಸರು. ಆತನ ಮಾತಿಗೆ ಎದುರಾಡುವವರು ಮೂವತ್ತು ವರ್ಷಗಳ ಕಾಲ ಹೆಚ್ಚಾಗಿ ಹುಟ್ಟಲಿಲ್ಲ. ವಿಜ್ಞಾನದಲ್ಲಿ ಪ್ರಯೋಗಕ್ಕೇ ಕೊನೆಯ ಮಾತು ಎನ್ನುತ್ತೇವೆ. ಆ ಮಾತು ಕೇಳಿಸಿಕೊಳ್ಳಲು ಎಷ್ಟೋ ಸಲ ದೊಡ್ಡವರ ಹೆಸರಿನ ಸದ್ದು ಅಡಗಬೇಕಾಗುತ್ತದೆ.

ಸದ್ದಿನಿಂದಲೇ ಈ ಮೌನ ಮುರಿದದ್ದೂ ಒಂದು ವಿಶೇಷ. ಅಮೆರಿಕದ ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಗೆ 26 ವರ್ಷದ ನಾವಿಕನೊಬ್ಬ ತಲೆನೋವು, ಮಂಕಾಗುತ್ತಿರುವ ದೃಷ್ಟಿ ಎಂದು ಬಂದ. ವೈದ್ಯಕೀಯ ದಾಖಲೆಗಳಲ್ಲಿ ಆತ 'ವಾಲ್ಟರ್ ಕೆ.' ಖ್ಯಾತ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ತಲೆ ತೆರೆದು ನೋಡಿದರೆ ದೃಷ್ಟಿಗೆ ಸಂಬಂಧಿಸಿದ ಹಿಂಭಾಗದ ಮಿದುಳಿನ ಮೇಲೆ ರಕ್ತನಾಳಗಳ ಗೋಜಲು ಗಂಟು. ಅದನ್ನು ತೆಗೆಯುವುದು ಅಪಾಯವೆಂದು ಹಾಗೇ ಬಿಟ್ಟ. ಮೂಳೆ ತೆಗೆದ ಜಾಗಕ್ಕೆ ಕಿವಿಯಿಟ್ಟರೆ ರಕ್ತ ಭೋರೆಂದು ಹರಿಯುವ ಸದ್ದು ಕೇಳುತ್ತಿತ್ತು. ಕಣ್ಣಿಗೆ ಕೆಲಸ ಕೊಟ್ಟಾಗ ತಲೆಯ ಹಿಂದಿನ ಈ ಸದ್ದು ಜಾಸ್ತಿಯಾಗುತ್ತದೆ ಎಂದು ಮೊದಲು ಹೇಳಿದವನು ರೋಗಿಯೇ!

ಕುಶಿಂಗ್‌ನ ಕೈಕೆಳಗಿದ್ದ ಜಾನ್ ಫುಲ್ಟನ್ ಎಂಬ ತರುಣ ಆ ಮಾತನ್ನು ತಳ್ಳಿಹಾಕಲಿಲ್ಲ. ಸದ್ದನ್ನು ದಾಖಲಿಸುವ ಏರ್ಪಾಡು ಮಾಡಿ ವಾಲ್ಟರ್‌ನ ಕೈಗೆ ಪತ್ರಿಕೆ ಕೊಟ್ಟ. ಸಣ್ಣ ಅಕ್ಷರ ಓದತೊಡಗಿದ ಅರ್ಧ ನಿಮಿಷದೊಳಗೆ ಸದ್ದು ಏರಿತು, ಓದು ನಿಲ್ಲಿಸಿದರೆ ಇಳಿಯಿತು. ವಾಸನೆ ನೋಡಿದಾಗ, ಕಿವಿಗೊಟ್ಟು ಕೇಳಿದಾಗ ಏನೂ ಆಗಲಿಲ್ಲ. ಎಂದರೆ, ಇಡೀ ಮಿದುಳಿಗಲ್ಲ, ಕೆಲಸ ಮಾಡುವ ಭಾಗಕ್ಕೆ ಮಾತ್ರ ರಕ್ತ ಹೆಚ್ಚುತ್ತದೆ. ಫುಲ್ಟನ್ 1928ರಲ್ಲಿ ಇದನ್ನು ಪ್ರಕಟಿಸಿದ. ಒಬ್ಬ ರೈತನಿಂದ ಆರಂಭವಾದ ವಿದ್ಯೆಗೆ ಮರುಜೀವ ಕೊಟ್ಟವನು ಒಬ್ಬ ನಾವಿಕ.

ಈ 'ಭಾಗಕ್ಕೆ ಮಾತ್ರ' ಎಂಬುದು ಮುಂದೆ ದೊಡ್ಡ ಗೊಂದಲವನ್ನೇ ಬಿಡಿಸಿತು. 1940ರ ದಶಕದಲ್ಲಿ ಸೇಮರ್ ಕೆಟಿ ಮತ್ತು ಕಾರ್ಲ್ ಷ್ಮಿಟ್ ನೈಟ್ರಸ್ ಆಕ್ಸೈಡ್ ಅನಿಲ ಉಸಿರಾಡಿಸಿ ಇಡೀ ಮಿದುಳಿನ ರಕ್ತಪ್ರವಾಹವನ್ನು ಅಳೆದರು. ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಮಿದುಳು ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಕಬಳಿಸುತ್ತದೆ. ಆದರೆ 1955ರಲ್ಲಿ ಅದೇ ವಿಧಾನದಿಂದ ಮನಸ್ಸಿನಲ್ಲೇ ಲೆಕ್ಕ ಮಾಡುವವರನ್ನು ಪರೀಕ್ಷಿಸಿದಾಗ ಈ ಮುಕ್ಕಾಲು ಲೀಟರಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ! ಹಾಗಾದರೆ ಮೊಸ್ಸೊ ಕಂಡ ಗುಣಾಕಾರದ ಏರಿಕೆ? ಕೆರೆಯಿಂದ ಹೊರಟ ಒಟ್ಟು ನೀರು ಅಷ್ಟೇ ಇದ್ದರೂ ಈ ಗದ್ದೆಗೆ ಹೆಚ್ಚು, ಆ ಗದ್ದೆಗೆ ಕಡಿಮೆ ಹರಿಯಬಹುದಷ್ಟೆ. ಹಾಗಾಗಿ ಮಿದುಳನ್ನು ತುಂಡುತುಂಡಾಗಿ ನೋಡಬಲ್ಲ ಉಪಾಯ ಬೇಕಾಯಿತು. ಡೆನ್ಮಾರ್ಕಿನ ನೀಲ್ಸ್ ಲಾಸೆನ್, ಸ್ವೀಡನ್ನಿನ ಡೇವಿಡ್ ಇಂಗ್ವರ್ ವಿಕಿರಣ ಹೊಮ್ಮಿಸುವ ಜೆನಾನ್ ಅನಿಲವನ್ನು ಬಳಸಿ 1970ರ ದಶಕದಲ್ಲಿ ಇದನ್ನು ಸಾಧಿಸಿದರು. ಆ ಹಿಂದೆಯೇ ಸೇಂಟ್ ಲೂಯಿಸ್‌ನಲ್ಲಿ 'ಪೆಟ್' ಯಂತ್ರ ಬಂತು. ಅದಕ್ಕೆ ಬಳಸುವ ವಿಕಿರಣಶೀಲ ಆಮ್ಲಜನಕ ಎರಡೇ ನಿಮಿಷಕ್ಕೆ ಅರ್ಧ ಕರಗಿಹೋಗುವುದರಿಂದ ಪಕ್ಕದಲ್ಲೇ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಇರಬೇಕು. ಸಿರಿವಂತರ ವಿದ್ಯೆ.

ಬಡವರ ಕೈಗಲ್ಲದಿದ್ದರೂ ಸಾಮಾನ್ಯ ಆಸ್ಪತ್ರೆಗಳ ಕೈಗೆ ಈ ವಿದ್ಯೆಯನ್ನು ತಲುಪಿಸಿದ್ದು ರಕ್ತದಲ್ಲಿರುವ ಕಬ್ಬಿಣ. ಮೈಕೇಲ್ ಫ್ಯಾರಡೆ 1845ರಲ್ಲೇ ಒಣರಕ್ತವನ್ನು ಅಯಸ್ಕಾಂತದ ಮುಂದಿಟ್ಟು ನೋಡಿದ್ದ, ಅದು ಆಕರ್ಷಿತವಾಗಲಿಲ್ಲ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್ ಗುಟ್ಟು ಹೊರಹಾಕಿದರು. ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್ ಅಯಸ್ಕಾಂತದಿಂದ ತುಸು ದೂರ ಸರಿಯುತ್ತದೆ; ಆಮ್ಲಜನಕ ಇಳಿಸಿ ಬಂದದ್ದು ಅದರತ್ತ ಸೆಳೆಯಲ್ಪಡುತ್ತದೆ. ಈ ಅರಿವು ಅರ್ಧ ಶತಮಾನ ಕಪಾಟಿನಲ್ಲಿತ್ತು. ಬೆಲ್ ಪ್ರಯೋಗಾಲಯದಲ್ಲಿದ್ದ ಜಪಾನೀ ವಿಜ್ಞಾನಿ ಸೇಜಿ ಒಗಾವ 1990ರಲ್ಲಿ ಇಲಿಗಳ ಮಿದುಳನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟಾಗ ರಕ್ತನಾಳಗಳು ಕಪ್ಪು ಗೆರೆಗಳಾಗಿ ಕಂಡವು. ಶುದ್ಧ ಆಮ್ಲಜನಕ ಉಸಿರಾಡಿಸಿದರೆ ಗೆರೆಗಳು ಮಾಯ! ಚುಚ್ಚುಮದ್ದು ಬೇಡ, ವಿಕಿರಣ ಬೇಡ, ನಮ್ಮದೇ ರಕ್ತ ಸಾಕು. 1992ರಲ್ಲಿ ಅಮೆರಿಕದ ಮೂರು ತಂಡಗಳು ಮನುಷ್ಯರಲ್ಲೂ ಇದನ್ನು ತೋರಿಸಿಕೊಟ್ಟವು. 'ಫಂಕ್ಷನಲ್ ಎಂ.ಆರ್.ಐ.' ಹುಟ್ಟಿದ್ದು ಹೀಗೆ.

ಇಲ್ಲೊಂದು ಸೋಜಿಗವಿದೆ. ಕೆಲಸ ಮಾಡುವ ಭಾಗ ಆಮ್ಲಜನಕವನ್ನು ಉಪಯೋಗಿಸಿಕೊಂಡರೆ ಅಲ್ಲಿ ಆಮ್ಲಜನಕ ಕಡಿಮೆಯಾಗಬೇಕಲ್ಲವೆ? ಆಗುವುದು ತದ್ವಿರುದ್ಧ. ಸೇಂಟ್ ಲೂಯಿಸ್‌ನ ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೈಕ್ಲ್ 1986ರಲ್ಲಿ ಕಂಡಂತೆ, ಸ್ಪರ್ಶದ ಪ್ರಚೋದನೆಗೆ ರಕ್ತಪ್ರವಾಹ ಶೇಕಡಾ 29ರಷ್ಟು ಹೆಚ್ಚಿದರೆ ಆಮ್ಲಜನಕದ ಬಳಕೆ ಹೆಚ್ಚಿದ್ದು ಶೇಕಡಾ 5ರಷ್ಟು. ನೂರು ಎಲೆಯ ಊಟಕ್ಕೆ ಕರೆದು ನೂರೈವತ್ತು ಎಲೆಯ ಅಡುಗೆ ಮಾಡಿಸುವ ಮದುವೆಮನೆ ಯಜಮಾನನಂತೆ ಮಿದುಳು. ಯಂತ್ರಕ್ಕೆ ಕಾಣುವುದು ಉಂಡದ್ದಲ್ಲ, ಮಿಕ್ಕಿದ್ದು. ಅದೂ ತಡವಾಗಿ, ಐದಾರು ಸೆಕೆಂಡು ಕಳೆದಮೇಲೆ. ಇಷ್ಟೊಂದು ಧಾರಾಳ ಏಕೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಈಗ ನೆನಪಿನ ವಿಷಯಕ್ಕೆ ಬರೋಣ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಮೊಲೈಸನ್ ಎಂಬ ತರುಣನ ಅಪಸ್ಮಾರ ಗುಣಪಡಿಸಲೆಂದು ಮಿದುಳಿನ ಎರಡೂ ಪಕ್ಕಗಳ ಒಳಭಾಗವನ್ನು ತೆಗೆದುಹಾಕಿದರು. ಅದರೊಂದಿಗೆ ಕಡಲಕುದುರೆಯ ಆಕಾರದ 'ಹಿಪೋಕ್ಯಾಂಪಸ್'ನ ಬಹುಭಾಗವೂ ಹೋಯಿತು. ಅಂದಿನಿಂದ 2008ರಲ್ಲಿ ಸಾಯುವವರೆಗೆ ಆತನಲ್ಲಿ ಹೊಸ ಘಟನೆಯ ನೆನಪು ನಿಲ್ಲಲಿಲ್ಲ. ಹಿಪೋಕ್ಯಾಂಪಸ್ ಇಲ್ಲದೆ ನೆನಪು ಕೂಡುವುದಿಲ್ಲವೆಂಬುದು ಇದರಿಂದ ಸಿದ್ಧವಾಗಿತ್ತು. ಹಾಗಿದ್ದ ಮೇಲೆ, ಯಂತ್ರದೊಳಗೆ ಮಲಗಿದವರಿಗೆ ಏನಾದರೂ ಕಲಿಯಲು ಕೊಟ್ಟರೆ ಮೊದಲು ಬೆಳಗಬೇಕಾದದ್ದು ಅದೇ. ಆದರೆ ಆರಂಭದ ಎಷ್ಟೋ ಪ್ರಯೋಗಗಳಲ್ಲಿ ಅದು ಬೆಳಗಲೇ ಇಲ್ಲ!

ಕಾರಣ ತಿಳಿದಾಗ ಅದು ಬಹಳ ಸರಳವಾಗಿತ್ತು. ಈ ಚಿತ್ರಗಳೆಲ್ಲ ಕಳೆಯುವ ಲೆಕ್ಕ. ಕೆಲಸದ ಹೊತ್ತಿನ ಚಿತ್ರದಿಂದ ವಿಶ್ರಾಂತಿಯ ಹೊತ್ತಿನ ಚಿತ್ರವನ್ನು ಕಳೆದು ಉಳಿದದ್ದಕ್ಕೆ ಬಣ್ಣ ಹಚ್ಚುತ್ತಾರೆ. ವಿಶ್ರಾಂತಿಯೆಂದರೆ ಸೊನ್ನೆ ಎಂದು ನಂಬಲಾಗಿತ್ತು. ಕ್ರೇಗ್ ಸ್ಟಾರ್ಕ್ ಮತ್ತು ಲ್ಯಾರಿ ಸ್ಕ್ವೈರ್ 2001ರಲ್ಲಿ ತೋರಿಸಿದ್ದು, ಸಮ ಸಂಖ್ಯೆಯೋ ಬೆಸ ಸಂಖ್ಯೆಯೋ ಎಂದು ಹೇಳುವಂಥ ಬೇಸರದ ಕೆಲಸಕ್ಕಿಂತ ಸುಮ್ಮನೆ ಮಲಗಿದಾಗಲೇ ಹಿಪೋಕ್ಯಾಂಪಸ್ ಪ್ರದೇಶ ಹೆಚ್ಚು ಚುರುಕಾಗಿರುತ್ತದೆ ಎಂದು. ಆಗದೇ ಏನು? ಗಡಗಡ ಸದ್ದು ಮಾಡುವ ಕೊಳವೆಯೊಳಗೆ ಕೆಲಸವಿಲ್ಲದೆ ಮಲಗಿದ ಮನುಷ್ಯ ಮನೆಯನ್ನು ನೆನೆಯುತ್ತಾನೆ, ಬೆಳಗಿನ ಜಗಳವನ್ನು ನೆನೆಯುತ್ತಾನೆ, ಸಂಜೆ ತರಬೇಕಾದ ತರಕಾರಿಯನ್ನು ನೆನೆಯುತ್ತಾನೆ. ನೆನಪಿನಿಂದ ನೆನಪನ್ನೇ ಕಳೆದರೆ ಉಳಿಯುವುದೇನು?

ಉಪಾಯ ಬದಲಾದಾಗ ಫಲ ಸಿಕ್ಕಿತು. 1998ರ ಆಗಸ್ಟಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಜೊತೆಯಾಗಿ ಬಂದವು. ಬಾಸ್ಟನ್ನಿನವರು ಪದಗಳನ್ನು ತೋರಿಸಿದ್ದರು, ಸ್ಟ್ಯಾನ್‌ಫರ್ಡ್‌ನವರು ಚಿತ್ರಗಳನ್ನು. ತೋರಿಸುವಾಗಲೇ ಒಂದೊಂದಕ್ಕೂ ಮಿದುಳಿನ ಪ್ರತಿಕ್ರಿಯೆ ದಾಖಲಿಸಿಕೊಂಡು, ಆಮೇಲೆ ಪರೀಕ್ಷೆ ನಡೆಸಿ, ನೆನಪುಳಿದವನ್ನೂ ಮರೆತವನ್ನೂ ಬೇರೆಬೇರೆ ರಾಶಿ ಹಾಕಿದರು. ಮುಂದೆ ನೆನಪುಳಿಯಲಿದ್ದವು ಕಣ್ಣಿಗೆ ಬಿದ್ದ ಗಳಿಗೆಯಲ್ಲೇ ಹಣೆಯ ಹಿಂಬದಿಯ ಮಿದುಳಿನಲ್ಲೂ ಹಿಪೋಕ್ಯಾಂಪಸ್‌ನ ಅಕ್ಕಪಕ್ಕದಲ್ಲೂ ಹೆಚ್ಚು ಸದ್ದು ಮಾಡಿದ್ದವು. ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದರ ಸುಳಿವು ನೋಡುವವನಿಗೇ ಗೊತ್ತಾಗುವ ಮುನ್ನ ನೆತ್ತರಿನಲ್ಲಿತ್ತು. ಈ ಕ್ಷೇತ್ರದ ಅತ್ಯಂತ ಚೆಲುವಾದ ಪ್ರಯೋಗಗಳಲ್ಲಿ ಇವನ್ನು ಲೆಕ್ಕಿಸಬೇಕು.

ಹೀಗೆ ಹೇಳಿದ ಮೇಲೆ ಸತ್ತ ಮೀನಿನ ಕಥೆಯನ್ನೂ ಹೇಳಬೇಕಾಗುತ್ತದೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಅಂಗಡಿಯಿಂದ ತಂದ ಸಾಮನ್ ಮೀನನ್ನು ಯಂತ್ರದಲ್ಲಿಟ್ಟು ಅದಕ್ಕೆ ಮನುಷ್ಯರ ಚಿತ್ರಗಳನ್ನು 'ತೋರಿಸಿದರು'. ಲೆಕ್ಕವನ್ನು ಸಡಿಲವಾಗಿ ಮಾಡಿದಾಗ ಮೀನಿನ ಮಿದುಳಿನಲ್ಲೂ ಕೆಂಪು ಮಚ್ಚೆ! ಸಾವಿರಾರು ಚೌಕಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಕೆಲವು ಆಕಸ್ಮಿಕವಾಗಿ ಬೆಳಗಿಯೇ ಬೆಳಗುತ್ತವೆ. ಅದನ್ನು ಸರಿಪಡಿಸಿದಾಗ ಮಚ್ಚೆ ಅಳಿಯಿತು. 2012ರ ಇಗ್ ನೊಬೆಲ್ ಈ ಮೀನಿನ ಪಾಲಾಯಿತು.

ಪ್ರಯೋಗಾಲಯದಲ್ಲಿ ಇಂಥ ತಪ್ಪು ನಗೆಪಾಟಲು. ನ್ಯಾಯಾಲಯದಲ್ಲಿ? 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಮೊಕದ್ದಮೆಯಲ್ಲಿ, ಅಪರಾಧದ 'ಅನುಭವದ ನೆನಪು' ಆರೋಪಿಯ ಮಿದುಳಿನಲ್ಲಿದೆ ಎಂಬ ಪರೀಕ್ಷಾ ವರದಿಯನ್ನೂ ಆಧಾರವಾಗಿಟ್ಟುಕೊಂಡು ಶಿಕ್ಷೆ ವಿಧಿಸಿತು. ಅದು ರಕ್ತದ ಚಿತ್ರವಲ್ಲ, ಮಿದುಳಿನ ವಿದ್ಯುತ್ ಅಲೆಗಳ ದಾಖಲೆ. ಅದನ್ನು ರೂಪಿಸಿದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಈ ವಿಧಾನ ಅವೈಜ್ಞಾನಿಕ ಎಂದು ವರದಿ ಕೊಟ್ಟಿತ್ತೆಂಬುದನ್ನೂ ಹೇಳಬೇಕು. 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳ ಜೊತೆಗೆ ಮಿದುಳಿನ ಅಲೆಗಳ ಪರೀಕ್ಷೆಯನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸುವಂತಿಲ್ಲವೆಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದೆಂಬ ಸಂವಿಧಾನದ ವಿಧಿ ಬಾಯಿಗೆ ಮಾತ್ರವಲ್ಲ, ಬುರುಡೆಯೊಳಗೂ ಅನ್ವಯಿಸುತ್ತದೆ ಎಂದಾಯಿತು.

ಹಾಗಾದರೆ ರಕ್ತದ ಚಿತ್ರ ಅಲೆಗಳಿಗಿಂತ ನಂಬಲರ್ಹ ಸಾಕ್ಷಿಯೇ? ಅದೇ 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೆಸ್ಸಿ ರಿಸ್ಮನ್, ಹೆನ್ರಿ ಗ್ರೀಲಿ, ಆಂಥನಿ ವ್ಯಾಗ್ನರ್ ಇದನ್ನು ಪರೀಕ್ಷಿಸಿದರು. ಜನರಿಗೆ 200 ಮುಖಗಳನ್ನು ತೋರಿಸಿ, ಸುಮಾರು ಒಂದು ಗಂಟೆಯ ಬಳಿಕ ಅವುಗಳ ಜೊತೆ ಅಷ್ಟೇ ಹೊಸ ಮುಖಗಳನ್ನು ಬೆರೆಸಿ ಯಂತ್ರದೊಳಗೆ ತೋರಿಸಿದರು. 'ಇದನ್ನು ನೋಡಿದ್ದೇನೆ' ಎಂದು ಮನುಷ್ಯನಿಗೆ ಅನಿಸುತ್ತಿದೆಯೇ ಇಲ್ಲವೇ ಎಂಬುದನ್ನು ಗಣಕಯಂತ್ರ ಚೆನ್ನಾಗಿಯೇ ಊಹಿಸಿತು. ಆತ ನಿಜಕ್ಕೂ ನೋಡಿದ್ದನೇ ಎಂಬುದನ್ನು ಹೇಳಲು ಅದಕ್ಕೆ ಹೆಚ್ಚುಕಡಿಮೆ ಆಗಲೇ ಇಲ್ಲ. ತಪ್ಪು ನೆನಪಿಗೂ ನಿಜವಾದ ನೆನಪಿಗೂ ಮಿದುಳು ಒಂದೇ ಬಗೆಯಲ್ಲಿ ರಕ್ತ ಬಡಿಸುತ್ತಿತ್ತು. ವ್ಯಾಗ್ನರ್ ತಂಡ 2015ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿತು. ಕಂಡ ಮುಖ ಎದುರಾದಾಗ ಅದರಲ್ಲಿ ಮೊದಲು ಗಮನಿಸದಿದ್ದ ಏನನ್ನಾದರೂ ಹುಡುಕಿ, ಕಾಣದ ಮುಖ ಎದುರಾದಾಗ ಅದನ್ನು ಹೋಲುವ ಪರಿಚಿತರನ್ನು ನೆನೆಸಿಕೊಳ್ಳಿ ಎಂದು ಮಲಗಿದವರಿಗೆ ಮೊದಲೇ ಹೇಳಿಕೊಟ್ಟಿದ್ದರು. ಗಣಕಯಂತ್ರದ ಊಹೆ ನಾಣ್ಯ ಚಿಮ್ಮಿ ನೋಡಿದಷ್ಟಕ್ಕೆ ಇಳಿಯಿತು.